ಬರೆದದ್ದು ಎಲ್ಲಿ ಕುಳಿತು?

(ಶಿವಮೊಗ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಕಥಾ ಕಮ್ಮಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎತ್ತೆತ್ತಲೋ ಹೋದದ್ದನ್ನು ಅಲ್ಲಲ್ಲಿ ಹಿಡಿದು ಕಟ್ಟಿದ್ದೇನೆ. ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯಗಳನ್ನು ಸೇರಿಸಿದ್ದೇನೆ.)

ಗೆಳೆಯರೇ,

ನಮ್ಮ ಕಡೆಯ ಸಾಹಿತ್ಯ ಸಭೆಗಳಲ್ಲಿ ಮೊದಲ ಹತ್ತು ನಿಮಿಷ ಮಳೆಗೆ ಮೀಸಲು. ಸ್ವಾಗತ ಕೋರುವವರು ಕಿಟಕಿಯ ಆಚೆ ಕೈತೋರಿಸಿ, ಇಂಥ ನೆಲದಲ್ಲಿ ಹುಟ್ಟಿದವರು ಬರೆಯದೆ ಇರುವುದಾದರೂ ಹೇಗೆ ಎಂದು ಕೇಳುತ್ತಾರೆ. ಆಮೇಲೆ ಹೆಸರುಗಳು ಬರುತ್ತವೆ. ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ, ಕೊನಗವಳ್ಳಿಯ ಲಂಕೇಶ್, ಶಿಕಾರಿಪುರದ ಜಿ.ಎಸ್. ಶಿವರುದ್ರಪ್ಪ, ತೀರ್ಥಹಳ್ಳಿಯ ಎಂ.ಕೆ. ಇಂದಿರಾ, ಸಾಗರದ ನಾ. ಡಿಸೋಜ. ಇನ್ನೂ ಹಿಂದಕ್ಕೆ ಹೋಗುವ ಹುರುಪಿದ್ದರೆ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ. ಇವತ್ತೂ ಹಾಗೆಯೇ ಆಯಿತು. ಸ್ವಾಗತಿಸಿದ ಹುಡುಗನ ಮೇಲೆ ನನಗೆ ಕೋಪವಿಲ್ಲ, ಚೆನ್ನಾಗಿಯೇ ಮಾತಾಡಿದ.

ಪಟ್ಟಿ ಸುಳ್ಳಲ್ಲ. ಪಟ್ಟಿಯಿಂದ ಎಳೆಯುವ ತೀರ್ಮಾನದ ಬಗ್ಗೆ ಮಾತ್ರ ನನ್ನ ತಕರಾರು. ಮಳೆಯಿಂದಲೇ ಸಾಹಿತ್ಯ ಹುಟ್ಟುವುದಾದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಲ್ಲಿ ಮನೆಗೊಬ್ಬ ಮಹಾಕವಿ ಇರಬೇಕಿತ್ತು. ಕುಮಾರವ್ಯಾಸ ಗದುಗಿನವನು. ಅಲ್ಲಿಯ ರೈತರು ಮುಗಿಲು ನೋಡಿಕೊಂಡೇ ಮುಂಗಾರು ಕಳೆಯುತ್ತಾರೆ. ಅವನ ಭಾರತವನ್ನು ಇಂದಿಗೂ ರಾಗವಾಗಿ ವಾಚಿಸಿ, ಪಕ್ಕದಲ್ಲೊಬ್ಬರು ಕುಳಿತು ಅರ್ಥ ಬಿಡಿಸಿ ಹೇಳುವ ಗಮಕಿಗಳ ಹೊಸಹಳ್ಳಿ ಇರುವುದು ನಮ್ಮ ತುಂಗೆಯ ದಡದಲ್ಲಿ. ಬಯಲಿನವನು ಬರೆದ, ಮಲೆಯ ಬುಡದವರು ಓದಿ ಉಳಿಸಿಕೊಂಡರು. ಈ ವ್ಯವಹಾರದಲ್ಲಿ ಮೋಡದ ಪಾಲೆಷ್ಟು?

ಆದ್ದರಿಂದ ನಾನು ಬೇರೆ ಪ್ರಶ್ನೆಯೊಂದನ್ನು ಹಿಡಿದುಕೊಂಡಿದ್ದೇನೆ. ಈ ಲೇಖಕರು ಎಲ್ಲಿ ಹುಟ್ಟಿದರು ಎಂಬುದು ಎಲ್ಲರಿಗೂ ಗೊತ್ತು. ಬರೆಯುವಾಗ ಎಲ್ಲಿ ಕುಳಿತಿದ್ದರು?

ಕುವೆಂಪು ಓದಿಗೆಂದು ಮೈಸೂರಿಗೆ ಹೋದವರು ಅಲ್ಲೇ ನೆಲೆ ನಿಂತರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಕೆಲವು ವರ್ಷ ಬಿಟ್ಟರೆ, ಪಾಠ ಹೇಳಿದ್ದು, ವಿಶ್ವವಿದ್ಯಾನಿಲಯದ ಕುಲಪತಿಯಾದದ್ದು, ಮನೆ ಕಟ್ಟಿದ್ದು ಎಲ್ಲ ಮೈಸೂರಿನಲ್ಲಿ. 1936ರ ‘ಕಾನೂರು ಹೆಗ್ಗಡಿತಿ’ಗೂ 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೂ ನಡುವೆ ಮೂವತ್ತು ವರ್ಷಗಳ ಮೇಲಾಗಿದೆ. ಅಷ್ಟು ವರ್ಷ ಆ ಕಾಡು, ಆ ಗುತ್ತಿ, ಆ ಹುಲಿಕಲ್ಲು ಮೈಸೂರಿನ ಚಪ್ಪಟೆ ರಸ್ತೆಗಳಲ್ಲಿ ಓಡಾಡುತ್ತಿದ್ದ ಮನುಷ್ಯರೊಬ್ಬರ ತಲೆಯೊಳಗೆ ಇದ್ದವು. ಅದಕ್ಕೂ ಮೊದಲು ಅವರು ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಇಂಗ್ಲಿಷ್ ಪದ್ಯಗಳ ಪುಸ್ತಕವೂ ಬಂದಿತ್ತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದ ಕಥೆಯನ್ನು ನೀವೆಲ್ಲ ಪಠ್ಯದಲ್ಲಿ ಓದಿರುತ್ತೀರಿ. ನಾವು ಅದನ್ನು ಭಾಷಾಭಿಮಾನದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ನನಗೆ ಅದರಲ್ಲಿ ಕಾಣುವುದು ಒಬ್ಬ ಕೇಳುಗ. ಹುಡುಗನೊಬ್ಬ ತಂದುಕೊಟ್ಟ ಪದ್ಯಗಳನ್ನು ಕೂತು ಓದಿ, ಹೊಗಳಿ ಕಳುಹಿಸುವ ಸುಲಭದ ದಾರಿ ಬಿಟ್ಟು, ಅವನಿಗೆ ಇಷ್ಟವಾಗದ ಮಾತನ್ನು ಹೇಳಿದ ಕೇಳುಗ. ಮುಂದೆ ತಮ್ಮ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಬೆಟ್ಟಕ್ಕಲ್ಲ, ಹೊಳೆಗಲ್ಲ.

ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. ದೂರ್ವಾಸಪುರದ ಅಗ್ರಹಾರ, ಇಲಿಗಳು, ತುಂಗೆ, ಹಗಲುರಾತ್ರಿ ಕೊಳೆಯುತ್ತ ಬಿದ್ದಿರುವ ಹೆಣ, ಇವೆಲ್ಲ ಕಾಗದಕ್ಕೆ ಇಳಿದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಸಂಶೋಧನೆಗೆಂದು ಅಲ್ಲಿದ್ದ ಅವರು ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ ಸಿನಿಮಾ ನೋಡಿದ್ದು, ಅದರ ಬಗ್ಗೆ ಇಬ್ಬರೂ ಮಾತಾಡಿದ್ದು, ಅಲ್ಲಿಂದ ಈ ಕಥೆ ಎದ್ದದ್ದು ಅನಂತಮೂರ್ತಿಯವರೇ ಹಲವು ಕಡೆ ಹೇಳಿಕೊಂಡ ಸಂಗತಿ. ಸ್ವೀಡನ್ನಿನ ಸಿನಿಮಾ, ಇಂಗ್ಲಿಷ್ ಗುರು, ಕೇಳಿಸಿಕೊಂಡದ್ದು ಮೇಳಿಗೆಯ ಹುಡುಗ.

ನಾ. ಡಿಸೋಜ ಇದಕ್ಕೆ ವಿರುದ್ಧ. ಅವರು ಇಲ್ಲಿಯೇ ಇದ್ದರು. ಆದರೆ ಕುಳಿತದ್ದು ಹೊಳೆಯ ದಂಡೆಯ ಬಂಡೆಯ ಮೇಲಲ್ಲ, ಶರಾವತಿ ಯೋಜನೆಯ ಸರ್ಕಾರಿ ಕಚೇರಿಯಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮುಳುಗುವ ಊರುಗಳ ಲೆಕ್ಕ ಕಡತಗಳಲ್ಲಿ ಓಡಾಡುತ್ತಿದ್ದ ಇಲಾಖೆಯ ನೌಕರರೊಬ್ಬರು, ಆ ಕಡತದಲ್ಲಿ ಬರೆಯಲು ಜಾಗವಿಲ್ಲದ್ದನ್ನು ‘ದ್ವೀಪ’ದಲ್ಲಿ ಬರೆದರು. ಎಂ.ಕೆ. ಇಂದಿರಾ ಅವರಿಗೆ ಕಚೇರಿಯೂ ಇರಲಿಲ್ಲ, ಹೆಚ್ಚಿನ ಶಾಲೆಯೂ ಇರಲಿಲ್ಲ. 1917ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಮದುವೆಯಾಗಿ, ಸಂಸಾರ ಮಾಡಿ, ‘ತುಂಗಭದ್ರಾ’ ಪ್ರಕಟಿಸಿದ್ದು 1963ರಲ್ಲಿ. ನಲವತ್ತೈದು ದಾಟಿದ ಮೇಲೆ ಮೊದಲ ಕಾದಂಬರಿ. ಇಲ್ಲಿ ಇಪ್ಪತ್ತೆರಡಕ್ಕೇ ತಡವಾಯಿತೆಂದು ಕೊರಗುವವರು ಇದ್ದರೆ ಈ ಲೆಕ್ಕ ಬರೆದುಕೊಳ್ಳಿ. ‘ಫಣಿಯಮ್ಮ’ ಬಂದದ್ದು 1976ರಲ್ಲಿ. ಬಂಧುಬಳಗದ ಒಳಗೇ ಇದ್ದ ಬಾಲವಿಧವೆಯೊಬ್ಬರ ಬದುಕು ಅದರ ಮೂಲ. ಅಷ್ಟು ವರ್ಷ ಅವರು ಬರೆಯದೆ ಸುಮ್ಮನೆ ಇದ್ದರು ಎಂದು ನಾನು ಭಾವಿಸುವುದಿಲ್ಲ, ಕೇಳುತ್ತಿದ್ದರು.

ಹಾಗಾದರೆ ತೇಜಸ್ವಿ? ಅವರು ಮೂಡಿಗೆರೆಯ ಕಾಫಿ ತೋಟದಲ್ಲೇ ಕುಳಿತು ಬರೆದರಲ್ಲ ಎಂದು ನೀವು ಕೇಳುತ್ತೀರಿ. ಕುಳಿತರು ಎನ್ನುವುದೇ ಅನುಮಾನ. ಗಾಳ ಹಾಕಿದರು, ಸ್ಕೂಟರ್ ಬಿಚ್ಚಿದರು, ಹಕ್ಕಿಗಳ ಫೋಟೋ ತೆಗೆದರು, ಕೂಲಿಯವರ ಜೊತೆ ಜಗಳವಾಡಿದರು. ಕಾಡಿನ ಸೌಂದರ್ಯ ವರ್ಣಿಸುತ್ತ ಅವರು ಎಲ್ಲೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರ ಪಾತ್ರಗಳಿಗೆ ಯಾವಾಗಲೂ ಏನಾದರೊಂದು ಕೆಲಸ ಇರುತ್ತದೆ.

ಪ್ರಕೃತಿ ಸ್ತುತಿಯ ಬಗ್ಗೆ ಒಂದು ಮಾತು ಬಂತಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಭದ್ರಾವತಿಯಲ್ಲಿ 1936ರಲ್ಲಿ ಆರಂಭವಾದ ಮೈಸೂರು ಕಾಗದ ಕಾರ್ಖಾನೆ ನಮ್ಮ ಮಲೆಗಳ ಬಿದಿರನ್ನು ಬೇಯಿಸಿ ಕಾಗದ ಮಾಡಿತು. ಆಮೇಲೆ ಅದಕ್ಕಾಗಿಯೇ ಗುಡ್ಡಗುಡ್ಡಗಳಲ್ಲಿ ಅಕೇಶಿಯಾ ನೆಟ್ಟರು. ಮಲೆನಾಡಿನ ಹಸಿರನ್ನು ಹಾಡಿ ಹೊಗಳಿದ ಎಷ್ಟೋ ಪದ್ಯಗಳು ಅಚ್ಚಾದದ್ದು ಆ ಹಸಿರಿನ ಮೇಲೆಯೇ. ಕಾರ್ಖಾನೆ ಈಗ ನಿಂತಿದೆ, ಅಕೇಶಿಯಾ ನಿಂತಿಲ್ಲ. ಯಾರಾದರೂ ಈ ಬಗ್ಗೆ ಒಂದು ಕಥೆ ಬರೆಯಬಾರದೇ ಎಂದು ಬಹಳ ದಿನದಿಂದ ಕಾಯುತ್ತಿದ್ದೇನೆ.

ಇನ್ನು ನನ್ನ ವಿಷಯ. ನಾನು ದೊಡ್ಡ ಲೇಖಕನಲ್ಲ. ಮೂರು ಕಥಾಸಂಕಲನಗಳಿವೆ, ನಿಮ್ಮ ಗ್ರಂಥಾಲಯದಲ್ಲಿ ಒಂದಾದರೂ ಇದ್ದೀತು. ಹೊಸನಗರ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದು, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ವರ್ಗಾವಣೆಯಾದ ಕಡೆಗೆಲ್ಲ ಹೋಗಿ, ನಿವೃತ್ತನಾಗಿ ಈ ಊರಿನಲ್ಲಿ ಇದ್ದೇನೆ. ಮೊದಲ ಕಥೆ ಬರೆದದ್ದು ರಾಯಚೂರು ಜಿಲ್ಲೆಯ ಶಾಖೆಯೊಂದರಲ್ಲಿದ್ದಾಗ, ಬಾಡಿಗೆ ಕೋಣೆಯಲ್ಲಿ, ಬೇಸಿಗೆಯಲ್ಲಿ. ಅಲ್ಲಿ ನನಗೆ ಊರು ನೆನಪಾದ ಬಗೆ ವಿಚಿತ್ರ. ಮಳೆ ನೆನಪಾಗಲಿಲ್ಲ. ಬಟ್ಟೆ ಒಣಗದ್ದು ನೆನಪಾಯಿತು. ಆಷಾಢದಲ್ಲಿ ನಮ್ಮ ಮನೆಯ ಬಚ್ಚಲೊಲೆಯ ಮೇಲೆ ಅಡ್ಡಡ್ಡ ಹಗ್ಗ ಕಟ್ಟಿ ಅಮ್ಮ ಬಟ್ಟೆ ಹರವುತ್ತಿದ್ದರು. ಅರ್ಧ ಒಣಗಿದ ಅಂಗಿಗೆ ಹೊಗೆಯ ವಾಸನೆ ಹತ್ತುತ್ತಿತ್ತು. ಪೇಟೆಯ ಶಾಲೆಯಲ್ಲಿ ಯಾರು ಹಳ್ಳಿಯಿಂದ ನಡೆದು ಬಂದವರು, ಯಾರು ಬಸ್‌ಸ್ಟ್ಯಾಂಡ್ ಪಕ್ಕದ ಮನೆಯವರು ಎಂದು ಮೂಗಿನಿಂದಲೇ ಹೇಳಬಹುದಿತ್ತು. ಊರಿನಲ್ಲಿದ್ದಾಗ ಇದು ಬರೆಯುವ ಸಂಗತಿ ಎಂದು ಹೊಳೆದಿರಲೇ ಇಲ್ಲ, ಏಕೆಂದರೆ ಆ ವಾಸನೆ ನನ್ನ ಮೈಮೇಲೆಯೇ ಇತ್ತು. ರಾಯಚೂರಿನಲ್ಲಿ ಒಗೆದ ಅಂಗಿ ಅರ್ಧ ಗಂಟೆಯಲ್ಲಿ ಹಪ್ಪಳವಾಗುವುದನ್ನು ನೋಡಿದ ಮೇಲೆ ಅದು ಕಣ್ಣಿಗೆ ಬಿತ್ತು.

ಊರು ಬಿಟ್ಟು ಹೋಗಿ ಎಂದು ನಿಮಗೆ ಉಪದೇಶ ಮಾಡುತ್ತಿಲ್ಲ. ಹೇಗಿದ್ದರೂ ಬೆಂಗಳೂರಿಗೆ ಹೋಗುತ್ತೀರಿ, ನಾನು ಹೇಳಬೇಕಾದದ್ದಿಲ್ಲ.

ಕಥೆ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಸೃಜನಶೀಲತೆ ಎಂಬ ದೊಡ್ಡ ಮಾತಿನ ಬದಲು ಒಂದು ಕಥೆಯ ಹುಟ್ಟನ್ನು ಬಿಡಿಸಿ ಹೇಳುತ್ತೇನೆ. ಆಮೇಲೆ ಮಲೆನಾಡಿನ ಶಾಖೆಯೊಂದರಲ್ಲಿ ಚಿನ್ನದ ಸಾಲದ ಕೌಂಟರ್ ನನ್ನ ಪಾಲಿಗೆ ಬಂತು. ಅಡಿಕೆ ಸೀಮೆಯಲ್ಲಿ ಚಿನ್ನಕ್ಕೊಂದು ಋತುಚಕ್ರವಿದೆ. ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕ, ಗೊಬ್ಬರ, ಕೊಳೆರೋಗಕ್ಕೆ ಔಷಧಿ ಹೊಡೆಸುವ ಖರ್ಚು ಒಟ್ಟಿಗೆ ಬರುತ್ತವೆ, ಬೆಂಡೋಲೆ, ಬಳೆ, ಸರ ಬ್ಯಾಂಕಿಗೆ ಬರುತ್ತವೆ. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಮಂಡಿಗೆ ಹೋದ ಮೇಲೆ ಮನೆಗೆ ಮರಳುತ್ತವೆ. ಹೆಂಗಸೊಬ್ಬರು ಪ್ರತಿ ಮಳೆಗಾಲ ಒಂದೇ ಸರವನ್ನು ತರುತ್ತಿದ್ದರು. ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕುವ ಮೊದಲೇ ತೂಕ ಹೇಳುವಷ್ಟು ಆ ಸರ ನಮಗೆ ಪರಿಚಯ. ಒಂದು ವರ್ಷ ಬಿಡಿಸಿಕೊಳ್ಳಲು ಅವರ ಬದಲು ಮಗ ಬಂದ. ನಾನು ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಪತ್ರ ಎಂದು ಪಟ್ಟಿ ಹೇಳಿದೆ. ಅವನು ಪಟ್ಟಿ ಬರೆದುಕೊಂಡು ಹೋದ.

ಇದು ಕಥೆಯೇ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಬರೆಯುವಂತಿರಲಿಲ್ಲ. ಗ್ರಾಹಕರ ವ್ಯವಹಾರ ಹೊರಗೆ ಹೇಳಬಾರದು ಎನ್ನುವುದು ಕೆಲಸದ ನಿಯಮ. ಅದಕ್ಕಿಂತ ಹೆಚ್ಚಾಗಿ, ಅದು ಸಣ್ಣ ಊರು. ಸರ ಎಂದರೆ ಸಾಕು, ಯಾರದೆಂದು ಎಲ್ಲರಿಗೂ ತಿಳಿಯುತ್ತದೆ. ಸರವನ್ನು ಬದಲಿಸಲೇಬೇಕಿತ್ತು. ಬಹಳ ಯೋಚಿಸಿ ಹೊಲಿಗೆ ಯಂತ್ರ ಮಾಡಿದೆ. ಬ್ಯಾಂಕನ್ನೂ ತೆಗೆದು ಪಕ್ಕದ ಮನೆ ಮಾಡಿದೆ. ಮಳೆಗಾಲಕ್ಕೆ ಮೊದಲು ಹೆಂಗಸೊಬ್ಬಳು ತನ್ನ ಹೊಲಿಗೆ ಯಂತ್ರವನ್ನು ಪಕ್ಕದ ಮನೆಯಲ್ಲಿ ಅಡವಿಟ್ಟು ಹಣ ತರುತ್ತಾಳೆ, ಬೇಸಿಗೆಯಲ್ಲಿ ಬಿಡಿಸಿಕೊಳ್ಳುತ್ತಾಳೆ.

ಬರೀ ವೇಷ ಬದಲಾವಣೆ ಎಂದುಕೊಂಡು ಮಾಡಿದ್ದು ಕಥೆಯನ್ನೇ ಬೇರೆ ಮಾಡಿತು. ಚಿನ್ನ ತಿಜೋರಿಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಹೊಲಿಗೆ ಯಂತ್ರ ಹಾಗಲ್ಲ, ಇಟ್ಟ ಮನೆಯಲ್ಲಿ ಅದನ್ನು ಯಾರಾದರೂ ತುಳಿಯುತ್ತಾರೆ. ಹಾಗಾಗಿ ಆ ಮನೆಗೆ ನಾನು ಯೋಚಿಸದೇ ಇದ್ದ ಮಗಳೊಬ್ಬಳು ಬಂದಳು. ಅವಳು ಅಡವಿಟ್ಟ ಯಂತ್ರದಲ್ಲಿ ಕದ್ದು ಹೊಲಿಯುವುದು ಕಲಿತಳು. ಬೇಸಿಗೆಯಲ್ಲಿ ಯಂತ್ರ ಹೋಗುವಾಗ ಅವಳಿಗೆ ಅಳು ಬಂತು. ಈಗ ಕಥೆ ಸಾಲಗಾರಳದ್ದೋ ಈ ಹುಡುಗಿಯದ್ದೋ ಎಂಬುದೇ ನನಗೆ ತಿಳಿಯದಾಯಿತು. ಕಲ್ಪನೆ ಎನ್ನುವುದು ನನಗೆ ಒಲಿದು ಬಂದದ್ದಲ್ಲ. ಮುಚ್ಚಿಡಬೇಕಾದ ನಿಜವೊಂದು ಇತ್ತು, ಮುಚ್ಚುವ ಕೆಲಸದಲ್ಲಿ ಅದು ಒಳಗೆ ಬಂತು. ನೀವು ನಿಮ್ಮ ಮನೆಯವರ ಬಗ್ಗೆ ಬರೆಯುವಾಗ ಹೆಸರು ಮಾತ್ರ ಬದಲಿಸಿ ಬಿಡುತ್ತೀರಿ. ವಸ್ತುವನ್ನೇ ಬದಲಿಸಿ ನೋಡಿ.

ಆದರೂ ಆ ಕಥೆ ಮುಗಿಯುತ್ತಿರಲಿಲ್ಲ. ಮುಗಿಸಿಕೊಟ್ಟದ್ದು ಅಡಿಕೆ ಸುಲಿಯಲು ಬಂದವರೊಬ್ಬರು.

ಸುಲಿತದ ರಾತ್ರಿಗಳನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಈಗ ಹೆಚ್ಚಿನ ಕಡೆ ಯಂತ್ರ ಬಂದಿದೆ. ಆಗ ಕೊಯ್ಲಿನ ಕಾಲದಲ್ಲಿ ಸಂಜೆಯಿಂದ ನಡುರಾತ್ರಿಯವರೆಗೆ ಅಂಗಳದಲ್ಲಿ ಸಾಲಾಗಿ ಮೆಟ್ಟುಕತ್ತಿ ಇಟ್ಟುಕೊಂಡು ಕೂರುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ಬಿಡುವು. ಅಳತೆಯ ಲೆಕ್ಕದ ಕೂಲಿಯಾದ್ದರಿಂದ ಕೈ ನಿಲ್ಲುತ್ತಿರಲಿಲ್ಲ, ನಿದ್ದೆ ಬರದಿರಲಿ ಎಂದು ಮಾತೂ ನಿಲ್ಲುತ್ತಿರಲಿಲ್ಲ. ನಮ್ಮ ದೊಡ್ಡಮ್ಮ ಕಥೆ ಹೇಳುವುದರಲ್ಲಿ ಗಟ್ಟಿಗರು. ಅವರು ನಡೆದದ್ದನ್ನು ಸ್ವಲ್ಪ ಎಳೆದು ಹೇಳುವರು. ಆಚೆಯ ಸಾಲಿನಿಂದ ಯಾರಾದರೂ, ‘ಅಲ್ಲ ಅಮ್ಮ, ಆ ವಾರ ಹೊಳೆ ತುಂಬಿತ್ತು, ಅವರು ದಾಟಿ ಬಂದದ್ದು ಹೇಗೆ?’ ಎಂದು ಕೇಳಿಬಿಡುವರು. ದೊಡ್ಡಮ್ಮ ಅಲ್ಲಿಯೇ ಒಂದು ದೋಣಿ ತರಬೇಕಾಗುತ್ತಿತ್ತು, ದೋಣಿಗೊಬ್ಬ ಅಂಬಿಗನನ್ನು, ಅವನ ಬಾಯಿಗೊಂದು ಮಾತನ್ನು.

ಆ ಅಂಗಳವನ್ನು ನಾನು ಸ್ವರ್ಗ ಮಾಡಲು ಹೊರಟಿಲ್ಲ. ಮನೆಯವರು ಜಗಲಿಯ ಮೇಲೆ, ಕೆಲಸದವರು ಕೆಳಗೆ. ಮೇಲಿನವರ ಎದುರು ಆಡದ ಮಾತುಗಳು ಕೆಳಗಿನ ಸಾಲಿನಲ್ಲಿ ಬೇರೆಯೇ ಇರುತ್ತಿದ್ದವು. ಸಾಗರದ ಬಳಿಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದನ್ನು ನಮ್ಮ ಜಗಲಿಯ ಮೇಲೆ ಹೇಳುತ್ತಿದ್ದ ರೀತಿ ಒಂದು, ಅಂಗಳದಲ್ಲಿ ಹಿರಿಯರೊಬ್ಬರು ಹೇಳಿದ ರೀತಿ ಇನ್ನೊಂದು. ಜಗಲಿಯಲ್ಲಿ ಅದು ಗಲಾಟೆ. ಅಂಗಳದಲ್ಲಿ ಅದು ಜೈಲಿಗೆ ಹೋದವರ ಹೆಸರುಗಳ ಸರಣಿ, ಯಾರ ಮಗ, ಯಾವ ಮನೆ, ಹಿಂದಿರುಗಿ ಬಂದಾಗ ಗದ್ದೆ ಏನಾಗಿತ್ತು ಎಂಬ ವಿವರ. ಒಂದೇ ಸಂಗತಿಗೆ ಎರಡು ಕಥನ ಇರುತ್ತದೆ ಎಂದು ನನಗೆ ಪಾಠ ಹೇಳಿದ್ದು ಯಾವ ವಿಮರ್ಶೆಯ ಪುಸ್ತಕವೂ ಅಲ್ಲ, ಎರಡು ಮೆಟ್ಟಿಲಿನ ಆ ಅಂತರ.

ಹೊಲಿಗೆ ಯಂತ್ರದ ಕಥೆಯನ್ನು ರಜೆಯಲ್ಲಿ ಬಂದಾಗ ಅಲ್ಲಿ ಓದಿದೆ. ಓದು ಎಂದು ದೊಡ್ಡಮ್ಮನೇ ಹೇಳಿದ್ದು. ಅರ್ಧಕ್ಕೆ ಬಂದಾಗ ಸುಲಿಯುತ್ತಿದ್ದ ಹೆಂಗಸೊಬ್ಬರು ತಲೆ ಎತ್ತದೆ ಕೇಳಿದರು: ‘ಮಳೆಗಾಲವೆಲ್ಲ ಬೇರೆ ಮನೆಯಲ್ಲಿ ಇಟ್ಟರೆ ತುಕ್ಕು ಹಿಡಿಯುವುದಿಲ್ಲವಾ? ಎಣ್ಣೆ ಹಾಕುವವರು ಯಾರು?’

ಎಣ್ಣೆ ಹಾಕುವವರು ಯಾರು! ಆ ಪ್ರಶ್ನೆಗೆ ಉತ್ತರ ಹುಡುಕಿದಾಗ ಕಥೆ ತನ್ನ ಕೊನೆಯನ್ನು ತಾನೇ ತೋರಿಸಿತು. ಅಡವಿಟ್ಟವಳು ವಾರಕ್ಕೊಮ್ಮೆ ಎಣ್ಣೆಯ ಸಣ್ಣ ಡಬ್ಬಿ ಹಿಡಿದು ಪಕ್ಕದ ಮನೆಗೆ ಹೋಗಬೇಕು. ಅಲ್ಲಿ ಹುಡುಗಿ ಇದ್ದಾಳೆ. ಯಾರೋ ತುಳಿದ ಗುರುತು ಯಂತ್ರದ ಮೇಲೆ ಇದೆ. ಇಬ್ಬರಿಗೂ ಗೊತ್ತು, ಇಬ್ಬರೂ ಹೇಳುವುದಿಲ್ಲ. ಒಂದು ವಾರ ಅವಳು ಡಬ್ಬಿಯನ್ನು ಅಲ್ಲೇ ಬಿಟ್ಟು ಬರುತ್ತಾಳೆ. ಕಥೆ ಪತ್ರಿಕೆಯಲ್ಲಿ ಬಂದಾಗ ಕೊನೆಯ ಭಾಗವನ್ನು ಮೆಚ್ಚಿ ಪತ್ರ ಬರೆದವರಿದ್ದರು. ಅದರ ಅರ್ಧ ಹಕ್ಕು ಆ ಹೆಂಗಸಿನದು. ಅವರಿಗೆ ಪತ್ರಿಕೆ ಕೊಟ್ಟಾಗ ತಿರುವಿ ನೋಡಿ, ‘ಯಂತ್ರದ ಚಿತ್ರ ತಪ್ಪಾಗಿದೆ, ಚಕ್ರ ಬಲಗಡೆ ಇರಬೇಕು’ ಎಂದರು. ಚಿತ್ರ ಬರೆದ ಕಲಾವಿದರಿಗೆ ತಿಳಿಸುವ ಧೈರ್ಯ ನನಗಾಗಲಿಲ್ಲ.

ಮಲೆನಾಡು ನಮಗೇನಾದರೂ ಕೊಟ್ಟಿದ್ದರೆ ಅದು ಈ ಕೇಳುಗರನ್ನು. ಅಡ್ಡ ಬಾಯಿ ಹಾಕುವ ಹಕ್ಕುಳ್ಳ ಕೇಳುಗರನ್ನು. ತಾಳಮದ್ದಳೆಯನ್ನೇ ನೋಡಿ. ಮಳೆ ಹಿಡಿದು ಬಯಲಾಟ ನಿಂತ ತಿಂಗಳುಗಳಲ್ಲಿ ಚಾವಡಿಗಳಲ್ಲಿ, ದೇವಸ್ಥಾನಗಳಲ್ಲಿ ಕೂರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಆ ಪದಕ್ಕೆ ಅಲ್ಲಿಯೇ ಮಾತು ಹೊಸೆಯುತ್ತಾರೆ. ವಾಲಿವಧೆ ಪ್ರಸಂಗದಲ್ಲಿ ಏನಾಗುತ್ತದೆಂದು ಕೂತ ಮಕ್ಕಳಿಗೂ ಗೊತ್ತು. ಬಾಣ ನೆಟ್ಟಿದೆ, ವಾಲಿ ಸಾಯುತ್ತಾನೆ. ಆದರೆ ಸಾಯುವ ಮೊದಲು ಅವನು ರಾಮನನ್ನು ಪ್ರಶ್ನೆ ಕೇಳಬೇಕು. ಮರದ ಮರೆಯಿಂದ ಹೊಡೆದೆಯಲ್ಲ, ಇದು ಯಾವ ಧರ್ಮ? ಪಳಗಿದ ಅರ್ಥಧಾರಿ ವಾಲಿಯಾದರೆ ರಾಮನ ಅರ್ಥ ಹೇಳುವವನು ಬೆವರುತ್ತಾನೆ. ಬರೆದಿಟ್ಟ ಉತ್ತರವಿಲ್ಲ. ನಿನ್ನೆ ಇನ್ನೊಂದು ಊರಿನಲ್ಲಿ ಹೇಳಿದ್ದು ಇವತ್ತು ಸಾಲದು, ಏಕೆಂದರೆ ಇವತ್ತಿನ ವಾಲಿ ಬೇರೆ ಕಡೆಯಿಂದ ಹಿಡಿದಿದ್ದಾನೆ. ರಾಮ ಸೋತಂತೆ ಕಂಡ ರಾತ್ರಿಗಳೂ ಇವೆ. ಕಥೆ ಮಾತ್ರ ಬದಲಾಗುವುದಿಲ್ಲ, ವಾಲಿ ಸತ್ತೇ ಸಾಯುತ್ತಾನೆ. ಮುಗಿದುಹೋದ ಕಥೆಯೊಳಗೆ ಇಷ್ಟು ಜಾಗ ಇದೆ ಎಂದು ಒಮ್ಮೆ ಕಂಡವರು, ಹೊಸ ಕಥಾವಸ್ತು ಸಿಗುತ್ತಿಲ್ಲ ಎಂದು ಗೊಣಗಲಾರರು.

ಸಾಗರ, ಸೊರಬ ಕಡೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರದಲ್ಲಿಯೂ ಇದೇ ಬಿಗಿ ಇದೆ. ಕೆಮ್ಮಣ್ಣಿನ ನೆಲ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಬಣ್ಣ ಅಷ್ಟೇ. ಗೆರೆಗಳ ಕಟ್ಟು ಹಿರಿಯರಿಂದ ಬಂದದ್ದು. ಆದರೂ ಭೂಮಿ ಹುಣ್ಣಿಮೆಗೆಂದು ಬರೆದ ಎರಡು ಬುಟ್ಟಿಗಳನ್ನು ಪಕ್ಕದಲ್ಲಿಟ್ಟರೆ ಇದು ಯಾರ ಕೈ, ಅದು ಯಾರ ಕೈ ಎಂದು ಊರಿನವರು ಹೇಳಿಬಿಡುತ್ತಾರೆ. ಹುಣ್ಣಿಮೆ ಮುಗಿದರೆ ಬುಟ್ಟಿಯ ಚಿತ್ತಾರವೂ ಹಳತಾಗುತ್ತದೆ, ಮುಂದಿನ ವರ್ಷ ಮತ್ತೆ ಬರೆಯಬೇಕು. ಕೃತಿ ಉಳಿಯಬೇಕು ಎಂಬ ಹಟ ಅವರಿಗಿಲ್ಲ. ನಮಗೆ ಮೊದಲ ಪದ್ಯ ಬರೆದ ದಿನದಿಂದಲೇ ಇರುತ್ತದೆ.

ಹೆಗ್ಗೋಡಿನ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಅಡಿಕೆ ಬೆಳೆಗಾರರಾಗಿದ್ದ ಕೆ.ವಿ. ಸುಬ್ಬಣ್ಣ ಮತ್ತು ಅವರ ಊರಿನವರು 1949ರಲ್ಲಿ ಕಟ್ಟಿದ ನೀನಾಸಮ್ ನಾಟಕಗಳಿಗೆ ಪ್ರಸಿದ್ಧ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳೆಲ್ಲ ಅದನ್ನೇ ಬರೆದವು. ನನಗೆ ಅಲ್ಲಿಯ ನಾಟಕಕ್ಕಿಂತ ಮಾರನೆಯ ಬೆಳಗ್ಗೆ ಮುಖ್ಯ. ಸಂಸ್ಕೃತಿ ಶಿಬಿರದಲ್ಲಿ ಹಿಂದಿನ ರಾತ್ರಿ ನೋಡಿದ ನಾಟಕವನ್ನು ಬೆಳಗ್ಗೆ ಎಲ್ಲರೂ ಕೂತು ಚರ್ಚಿಸುತ್ತಾರೆ. ಪ್ರಾಧ್ಯಾಪಕರು ಮಾತಾಡಿದ ಮೇಲೆ ಯಾವುದೋ ಹಳ್ಳಿಯ ಶಾಲಾ ಶಿಕ್ಷಕಿ ಎದ್ದು, ನನಗೆ ಹಾಗನ್ನಿಸಲಿಲ್ಲ ಎನ್ನುತ್ತಾರೆ. ಸುಲಿತದ ಅಂಗಳವೇ ಅದು, ಕತ್ತಿ ಇಲ್ಲ ಅಷ್ಟೇ. ಕೂತ ಸಾಲುಗಳಲ್ಲಿ ಮೇಲು ಕೆಳಗು ಕೂಡ ಅಷ್ಟಿಲ್ಲ.

ನೀವು ಈಗ ಬರೆದ ತಕ್ಷಣ ಮೊಬೈಲ್‌ನಲ್ಲಿ ಹಾಕುತ್ತೀರಿ. ತಪ್ಪೆಂದು ನಾನು ಹೇಳುವುದಿಲ್ಲ. ಪತ್ರಿಕೆಗೆ ಕಳುಹಿಸಿ ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾದವನು ನಾನು, ಆ ಕಾಯುವಿಕೆಯಲ್ಲಿ ಯಾವ ಪುಣ್ಯವೂ ಇರಲಿಲ್ಲ. ಒಂದು ಕಥೆ ವಾಪಸ್ ಬಂದಾಗ ಅದರ ಮೇಲೆ ಚಹಾ ಲೋಟದ ಗುರುತು ಮಾತ್ರ ಇತ್ತು, ಒಂದು ಅಕ್ಷರದ ಅಭಿಪ್ರಾಯ ಇರಲಿಲ್ಲ. ಮೊಬೈಲ್‌ನಲ್ಲಿ ಕನಿಷ್ಠ ಯಾರೋ ಓದಿದರೆಂದು ತಿಳಿಯುತ್ತದೆ. ನನ್ನ ಅನುಮಾನ ಬೇರೆ. ನೂರು ಜನ ಹೆಬ್ಬೆರಳು ಎತ್ತುತ್ತಾರೆ, ಎಣ್ಣೆ ಹಾಕುವವರು ಯಾರೆಂದು ಕೇಳುವ ಒಬ್ಬರು ಅಲ್ಲಿ ಸಿಗುತ್ತಾರೆಯೇ? ಕೆಲಸ ಮಾಡುತ್ತ ಕೇಳುವವರ ಪ್ರಶ್ನೆ ಹರಿತ. ಅವರಿಗೆ ನಿಮ್ಮನ್ನು ಮೆಚ್ಚಿಸಬೇಕಾದ ಗರಜಿಲ್ಲ.

ಆದ್ದರಿಂದ ಬರೆದದ್ದನ್ನು ಗಟ್ಟಿಯಾಗಿ ಓದಿ, ಸಾಹಿತ್ಯ ಗೊತ್ತಿಲ್ಲ ಎನ್ನುವವರ ಎದುರು ಓದಿ. ಅವರು ಎಲ್ಲಿ ಕೆಮ್ಮಿದರು, ಎಲ್ಲಿ ಕೈ ನಿಲ್ಲಿಸಿದರು ನೋಡಿ. ಆಮೇಲೆ ವಿಂಗಡಿಸಿ. ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಒಂದೇ ತೋಟದ ಅಡಿಕೆಗೆ ಬೇರೆ ಬೇರೆ ದರ ಬೀಳುವಂತೆ ನಿಮ್ಮ ಒಂದೇ ಕಥೆಯ ವಾಕ್ಯಗಳಿಗೂ ಬೀಳುತ್ತದೆ. ಮಾಲು ನಿಮ್ಮದೇ ಎಂದು ಎಲ್ಲಕ್ಕೂ ಸರಕಿನ ದರ ಕೇಳಬೇಡಿ.

ಬರೆಯುವ 
ಹೊತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೌಕರಿ ಇದ್ದರೆ ಬರೆಯಲಾಗುವುದಿಲ್ಲ ಎನ್ನುತ್ತಾರೆ, ನೌಕರಿ ಇಲ್ಲದಿದ್ದರೆ ಊಟವಾಗುವುದಿಲ್ಲ. ಕಥೆ ಬರೆದು ನಾನು ಗಳಿಸಿದ ಹಣವನ್ನೆಲ್ಲ ಕೂಡಿಸಿದರೆ ಒಂದು ವರ್ಷದ ತೋಟದ ಔಷಧಿಗೆ ಸಾಲದು. ಕೌಂಟರ್ ಇಲ್ಲದಿದ್ದರೆ ಸರ ಬರುತ್ತಿರಲಿಲ್ಲ, ಸರ ಬಾರದಿದ್ದರೆ ಯಂತ್ರವೂ ಇಲ್ಲ. ನಿವೃತ್ತಿಯಾದ ಮೇಲೆ ಹಗಲೆಲ್ಲ ಬಿಡುವಿದೆ, ಬರೆಯುವುದು ಕಡಿಮೆಯಾಗಿದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯವಿತ್ತು. ಹುಡುಗನೊಬ್ಬ ಕೇಳಿದ: ‘ಮಲೆನಾಡಿನ ಬಗ್ಗೆ ದೊಡ್ಡವರೆಲ್ಲ ಬರೆದು ಮುಗಿಸಿದ್ದಾರೆ. ನಮಗೇನು ಉಳಿದಿದೆ ಸರ್?’

ಉಳಿದದ್ದು ಕಣ್ಣೆದುರೇ ಇದೆ ಎಂದೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆ ಬಂದರೆ ಕಾಡಿನಂಚಿನ ಮನೆಗಳವರನ್ನು ಹೆದರಿಸುತ್ತದೆ. ಎಲೆಚುಕ್ಕಿ ರೋಗ ಬಂದ ತೋಟದ ಮನೆಯಲ್ಲಿ ಮದುವೆಯ ಮಾತುಕತೆ ಹೇಗೆ ನಡೆಯುತ್ತದೆ? ಹತ್ತು ಕೋಣೆಯ ಮನೆಯಲ್ಲಿ ಇಬ್ಬರು ಮುದುಕರು, ಉಳಿದ ಎಂಟು ಕೋಣೆ ಪ್ರವಾಸಿಗರಿಗೆ ಬಾಡಿಗೆಗೆ. ಇನ್ನು ಶರಾವತಿಯ ಹಿನ್ನೀರಿನ ಮೇಲೆ, ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ. 2025ರ ಜುಲೈನಲ್ಲಿ ಅದು ತೆರೆಯಿತು. ಅಲ್ಲಿಯವರೆಗೆ ಸಿಗಂದೂರಿಗೆ ಹೋಗುವವರು, ತುಮರಿ ಕಡೆಯ ಜನ, ಲಾಂಚಿಗಾಗಿ ದಂಡೆಯಲ್ಲಿ ಕಾಯುತ್ತಿದ್ದರು. ಕಾಯುವವರು ಮಾತಾಡುತ್ತಿದ್ದರು. ಗುರುತಿಲ್ಲದವರು ಗುರುತಾಗುತ್ತಿದ್ದರು. ಈಗ ಹಿನ್ನೀರಿನ ಮೇಲೆ ಬಸ್ ಕೆಲವೇ ನಿಮಿಷದಲ್ಲಿ ದಾಟುತ್ತದೆ. ಸುಲಿತದ ಅಂಗಳ ಹೋದ ಹಾಗೆ ಆ ದಂಡೆಯೂ ಹೋಯಿತು, ಅದರ ಬಗ್ಗೆ ಬರೆಯಬಾರದೇ ಎಂದೆ.

ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದಳು. ತನ್ನ ಊರು ಹೊಳೆಯ ಆಚೆ ಎಂದಳು.

‘ಸರ್, ನೀವು ಕಾಯುವಾಗ ಬ್ಯಾಗಿನಲ್ಲಿ ಪುಸ್ತಕ ಇತ್ತು. ನಮ್ಮ ಅತ್ತೆಗೆ ಹೆರಿಗೆ ನೋವು ಬಂದಾಗ ಸಂಜೆಯ ಕೊನೆಯ ಲಾಂಚ್ ಹೋಗಿಯಾಗಿತ್ತು. ಆಮೇಲೆ ಜೀಪಿನಲ್ಲಿ ಕಾಡುದಾರಿ ಸುತ್ತಿಕೊಂಡು ಹೋದರು. ದಂಡೆಯಲ್ಲಿ ಕೂತು ಮಾತಾಡಿದ್ದು ನಮಗೆ ಬೇಜಾರಿಗೆ. ಸೇತುವೆ ಆದ ದಿನ ನಮ್ಮ ಅಜ್ಜಿ ಅದರ ಮೇಲೆ ಆಚೆ ತುದಿಗೆ ನಡೆದು ಹೋಗಿ, ನಡೆದೇ ವಾಪಸ್ ಬಂದರು.’

‘ಏಕೆ ನಡೆದರು? ಬಸ್ ಇತ್ತಲ್ಲ?’ ಎಂದು ಕೇಳಿದೆ.

‘ಅವರ ಹಳೆಯ ಮನೆ ಆ ನೀರಿನ ಅಡಿಯಲ್ಲಿದೆ. ಸೇತುವೆಯ ಯಾವ ಕಂಬದ ಹತ್ತಿರ ಬರುತ್ತದೆ ಎಂದು ನೋಡಬೇಕಿತ್ತಂತೆ.’

‘ಸಿಕ್ಕಿತಾ?’

‘ಹೋಗುವಾಗ ಒಂದು ಕಂಬ ತೋರಿಸಿದರು, ಬರುವಾಗ ಇನ್ನೊಂದು. ಅದಕ್ಕೆ ನಮ್ಮ ಚಿಕ್ಕಪ್ಪ ನಕ್ಕರು ಎಂದು ಅಜ್ಜಿ ಅವರ ಜೊತೆ ಎರಡು ದಿನ ಮಾತು ಬಿಟ್ಟಿದ್ದರು.’

ಅಷ್ಟರಲ್ಲಿ ಸಂಘಟಕರು ಚಹಾ ಬಂದಿದೆ ಎಂದರು. ಹುಡುಗಿ ಕೂರಲಿಲ್ಲ. ಚಿಕ್ಕಪ್ಪ ನಕ್ಕದ್ದು ಯಾಕೆ ಎಂದು ಪಕ್ಕದವಳು ಕೇಳುತ್ತಿದ್ದಳು, ಮುಂದಿನ ಸಾಲಿನಲ್ಲಿದ್ದ ಇಬ್ಬರು ಹಿಂದಕ್ಕೆ ತಿರುಗಿಕೊಂಡಿದ್ದರು.